ತೊಂಬತ್ತೊಂದು ಜನರ ಫೋಟೋ

ಆಫೀಸಿನ ಗ್ರೂಪ್ ಫೋಟೋದಲ್ಲಿ ಸಾಲುಗಳೆಲ್ಲ ಸಮ ಇರಬೇಕೆಂದು ಮ್ಯಾನೇಜರ್ ಮೇಡಂ ಹೇಳಿದ್ದೇ ಎಲ್ಲಕ್ಕೂ ಮೂಲ. ಕಳೆದ ವರ್ಷ ಕೊನೆಯ ಸಾಲಿನಲ್ಲಿ ಒಬ್ಬನೇ ಉಳಿದು, ಬೊಚ್ಚುಬಾಯಿಯ ಒಂಟಿ ಹಲ್ಲಿನಂತೆ ಕಂಡಿದ್ದ. ಅಂದಗೆಡಬಾರದೆಂದು ಸ್ಟುಡಿಯೋದವನು ಆ ಹಲ್ಲನ್ನು ಕತ್ತರಿಸಿಯೇ ಫ್ರೇಮು ಹಾಕಿದ್ದ.

ಆ ಹಲ್ಲು ನಮ್ಮ ಫೈಲು ಗುಮಾಸ್ತ. ಹನ್ನೊಂದು ವರ್ಷದ ನೌಕರಿಯಲ್ಲಿ ಒಂದು ಫೋಟೋದಲ್ಲೂ ಅವನಿಲ್ಲ. ಅಳಿಯ ನಿಜವಾಗಿ ಆಫೀಸಿಗೆ ಹೋಗುತ್ತಾನೋ, ಪಾರ್ಕಿನಲ್ಲಿ ಕೂತು ಬರುತ್ತಾನೋ ಎಂದು ಮಾವನಿಗೆ ಅನುಮಾನ. ಈ ಸಲ ಫೋಟೋದಲ್ಲಿ ಕಾಣದೆ ಮನೆಗೆ ಬರಬೇಡಿ ಎಂದು ಹೆಂಡತಿ ಬೆಳಿಗ್ಗೆಯೇ ಹೇಳಿ, ಇಸ್ತ್ರಿ ಮಾಡಿದ ಅಂಗಿ ಕೊಟ್ಟಿದ್ದಳು.

ಆದ್ದರಿಂದ ಸಾಲಿನ ಲೆಕ್ಕವನ್ನು ಅವನೇ ಮೈಮೇಲೆ ಎಳೆದುಕೊಂಡ. ಹಾಜರಿ ಪುಸ್ತಕದಲ್ಲಿ ತೊಂಬತ್ತೊಂದು ಜನ. ಕೊನೆಯ ಅಂಕಿ ಒಂದು. ಎರಡರಿಂದಲೂ ಭಾಗವಾಗದು, ಐದರಿಂದಲೂ ಭಾಗವಾಗದು. ಅಂಕಿಗಳನ್ನು ಕೂಡಿದರೆ ಹತ್ತು. ಮೂರೂ ಹೋಯಿತು, ಒಂಬತ್ತೂ ಹೋಯಿತು. ಹನ್ನೊಂದೂ ಒಪ್ಪಲಿಲ್ಲ. ಏಳರ ನಿಯಮವನ್ನು ಮಾತ್ರ ಅವನ ಮೇಷ್ಟ್ರು ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟಿದ್ದರು. ಅವನೂ ಬಿಟ್ಟ.

"ಇದು ಯಾವುದರಿಂದಲೂ ಭಾಗವಾಗಲ್ಲ ಮೇಡಂ. ಒಬ್ಬರು ಹೊರಗೆ ನಿಂತ್ರೆ ಹದಿನೈದರ ಆರು ಸಾಲು."

ಹೊರಗೆ ನಿಲ್ಲುವವರು ಯಾರು? ಟೈಪಿಸ್ಟಮ್ಮ ಹೊಸ ಕನ್ನಡಕ ಹಾಕಿದ್ದಳು. ಟಪಾಲು ಗುಮಾಸ್ತ ಇದಕ್ಕೆಂದೇ ತಲೆಗೆ ಬಣ್ಣ ಹಚ್ಚಿದ್ದ. ತನ್ನನ್ನು ತೆಗೆದರೆ ಒಂದು ವಾರ ರಜೆ ಹಾಕುವುದಾಗಿ ಕ್ಯಾಷಿಯರು ಹೆದರಿಸಿದ. ಕಾಲು ಗಂಟೆ ಗಲಾಟೆಯಾದ ಮೇಲೆ ಮೇಡಂ ನಮ್ಮವನತ್ತ ತಿರುಗಿದರು.

"ಭಾಗವಾಗಲ್ಲ ಅಂದಿದ್ದು ನೀವಲ್ವಾ?"

ಶೇಷ ಯಾರೆಂದು ಅಲ್ಲಿಗೆ ತೀರ್ಮಾನವಾಯಿತು.

ಫೋಟೋಕ್ಕೆಂದು ಎಲ್ಲರೂ ನಿಂತಿದ್ದ ಆಫೀಸಿನ ಮೆಟ್ಟಿಲುಗಳಿಂದ ಅವನು ಇಳಿದು, ನೀರಲ್ಲಿ ನೆನೆದ ರಟ್ಟಿನ ಡಬ್ಬದಂತೆ ಕುಸಿದು ನಿಂತ. ಖಾಲಿ ಲೋಟ ಒಯ್ಯಲು ಬಂದ ಕ್ಯಾಂಟೀನಿನ ಅಕ್ಕ ವಿಷಯ ಕೇಳಿ ತಿಳಿದಳು.

"ಅದ್ಯಾಕೆ ಆಗಲ್ಲ? ನನ್ನ ಟ್ರೇಗೆ ಹದಿಮೂರು ಲೋಟ ಹಿಡಿಸತ್ತೆ. ದಿನಾ ಏಳು ಟ್ರೇ ಟೀ ಕಳಿಸ್ತೀನಿ. ಒಂದು ಲೋಟ ಹೆಚ್ಚಾಗಲ್ಲ, ಕಮ್ಮಿಯಾಗಲ್ಲ."

ಎಲ್ಲರೂ ಬೆರಳು ಮಡಚಿದರು. ಏಳು ಸಲ ಹದಿಮೂರು, ತೊಂಬತ್ತೊಂದೇ. ಗುಮಾಸ್ತ ಎರಡೆರಡು ಮೆಟ್ಟಿಲು ಹಾರಿ ಏಳನೆಯ ಸಾಲಿನ ತುದಿಗೆ ಸೇರಿಕೊಂಡ.

ಫೋಟೋದವನು ಕ್ಯಾಮೆರಾಕ್ಕೆ ಕಣ್ಣಿಟ್ಟ. ಮೇಡಂ ಕೈಯೆತ್ತಿದರು. ಇಷ್ಟು ವರ್ಷ ಟೀ ಕೊಟ್ಟು, ಇವತ್ತು ಲೆಕ್ಕವನ್ನೂ ಬಿಡಿಸಿಕೊಟ್ಟ ಅಕ್ಕನನ್ನು ಬಿಟ್ಟು ಫೋಟೋ ತೆಗೆಸುವುದು ನಾಚಿಕೆಗೇಡು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗುಮಾಸ್ತನೂ ತಟ್ಟಿದ. ತಟ್ಟುತ್ತಿದ್ದಂತೆ ಅವನ ಕೈ ನಿಧಾನವಾಯಿತು. ತೊಂಬತ್ತೆರಡು.

"ನಾಲ್ಕರಿಂದ ಭಾಗವಾಗತ್ತೆ ಮೇಡಂ. ಇಪ್ಪತ್ಮೂರರ ನಾಲ್ಕು ಸಾಲು."

ಈ ಸಲ ಲೆಕ್ಕ ಸರಿಯಾಗಿತ್ತು. ಒಂದು ಮೆಟ್ಟಿಲಿಗೆ ಹದಿನೈದು ಜನಕ್ಕಿಂತ ಹೆಚ್ಚು ಹಿಡಿಸುವುದಿಲ್ಲ ಎಂದು ಫೋಟೋದವನು ತಲೆಯಾಡಿಸಿದ. ತೊಂಬತ್ತೊಂದು ಮುಖಗಳು ಗುಮಾಸ್ತನತ್ತ ತಿರುಗಿದವು. ಹೇಗೂ ನಿಮಗೆ ಅಭ್ಯಾಸವಾಗಿದೆಯಲ್ಲ ಎಂದು ಟೈಪಿಸ್ಟಮ್ಮ ಸಮಾಧಾನ ಹೇಳಿದಳು.

ಅವನು ಇಳಿದು ಬಂದ.

"ಸರ್, ಒಂದು ಉಪಕಾರ ಮಾಡಿ," ಎಂದ ಫೋಟೋದವನು. "ಇಲ್ಲೇ ನನ್ನ ಪಕ್ಕ ನಿಂತ್ಕೊಳ್ಳಿ. ಬೆಳಿಗ್ಗೆಯಿಂದ ಇವರನ್ನ ನಗಿಸೋಕೆ ಆಗ್ತಿಲ್ಲ. ನಿಮ್ಮನ್ನ ನೋಡಿದ್ರೆ ನಗ್ತಾರೆ."

ಫೋಟೋ ಚೆನ್ನಾಗಿ ಬಂದಿದೆ. ಏಳು ಸಾಲು, ಸಾಲಿಗೆ ಹದಿಮೂರು ಮುಖ, ಎಲ್ಲವೂ ನಗುತ್ತಿವೆ. ಒಬ್ಬರೂ ಕ್ಯಾಮೆರಾದ ಕಡೆ ನೋಡುತ್ತಿಲ್ಲ.