ಪ್ರೂಫಪ್ಪನವರ ಪ್ರಾರ್ಥನೆ ಪುಸ್ತಕ

"ಇನ್ನು ಮೇಲೆ ದಿನಕ್ಕೆ ಮೂರು ಹೊತ್ತು ಪ್ರಾರ್ಥನೆ, ಎರಡು ಹೊತ್ತು ಸತ್ಯವೇದ. ಸೂರ್ಯ ಹುಟ್ಟೋದು ತಪ್ಪಬಹುದು, ನನ್ನದು ತಪ್ಪಲ್ಲ" ಎಂದು ಪ್ರೂಫಪ್ಪನವರು ಘೋಷಿಸಿದಾಗ ಅವರ ಹೆಂಡತಿ ಬಟ್ಟೆ ಹಿಂಡುತ್ತಿದ್ದರು.

"ಆಗಲಿ. ಆ ಬಕೆಟ್ಟು ಸ್ವಲ್ಪ ಈ ಕಡೆ ತಳ್ಳಿ" ಎಂದರು.

ಪ್ರೂಫಪ್ಪ ಎನ್ನುವುದು ಅಚ್ಚುಕೂಟದವರು ಇಟ್ಟ ಹೆಸರು. ಇಪ್ಪತ್ತಾರು ವರ್ಷದಿಂದ ಅಲ್ಲಿ ಕೂತು ಪ್ರೂಫ್ ನೋಡುತ್ತ ಪರರ ತಪ್ಪು ತಿದ್ದಿ ತಿದ್ದಿ, ಸೋಪಿನ ಹೊದಿಕೆ ಕೈಗೆ ಸಿಕ್ಕರೂ ಪೆನ್ಸಿಲ್ ಹುಡುಕುವಂತಾಗಿತ್ತು. ಭಕ್ತಿಯಲ್ಲೂ ಅದೇ ಶಿಸ್ತು. ಕಂದು ರಟ್ಟಿನ ಒಂದು ನೋಟುಪುಸ್ತಕ ತಂದು, ಯಾರಿಗಾಗಿ ಏನು ಪ್ರಾರ್ಥಿಸಬೇಕೆಂದು ನಂಬರು ಹಾಕಿ ಬರೆದರು. ಊರಲ್ಲಿ ತಿದ್ದಬೇಕಾದವರಿಗೇನು ಬರವೇ? ಎರಡೇ ದಿನದಲ್ಲಿ ನಾಲ್ಕು ಪುಟ ತುಂಬಿತು.

ಬೆಳಿಗ್ಗೆ ಮಂಡಿಯೂರಿದರೆ ಮುಕ್ಕಾಲು ಗಂಟೆ. ಒಂದು ದಿನ ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಒಂದು ಮಾತು..." ಎಂದರು. ಪ್ರೂಫಪ್ಪನವರು ಕಣ್ಣು ಬಿಡದೆ ತೋರುಬೆರಳು ಎತ್ತಿದರು. ಮರುದಿನವೂ ಬಂದರು. ಮತ್ತೆ ಬೆರಳು. ಮೂರನೆಯ ದಿನವೂ ಅಷ್ಟೇ. ನಾಲ್ಕನೆಯ ದಿನ ಅವರು ಬರಲಿಲ್ಲ. 'ಮನೆಗೆ ಶಿಸ್ತು ಬಂತು' ಎಂದು ಪ್ರೂಫಪ್ಪನವರು ಕರ್ತನಿಗೆ ಸ್ತೋತ್ರ ಹೇಳಿದರು.

ಮಧ್ಯಾಹ್ನದ ಪ್ರಾರ್ಥನೆ ಅಚ್ಚುಕೂಟದ ಕಾಗದದ ಉಗ್ರಾಣದಲ್ಲಿ. ಆ ಶುಕ್ರವಾರ ಅವರ ಚರ್ಚಿನ ಸಭೆಯ ತಿಂಗಳ ಪತ್ರಿಕೆ ಅಚ್ಚಿಗೆ ಹೋಗಬೇಕಿತ್ತು. ಸಭೆಯ ಕಾರ್ಯದರ್ಶಿ ಕಳಿಸಿದ್ದ ಪ್ರಾರ್ಥನಾ ವಿನಂತಿಗಳ ಪುಸ್ತಕಕ್ಕೂ ಕಂದು ರಟ್ಟೇ. ಅದರ ಪಕ್ಕದಲ್ಲೇ ತಮ್ಮದನ್ನೂ ಇಟ್ಟು ಪ್ರೂಫಪ್ಪನವರು ಉಗ್ರಾಣಕ್ಕೆ ಹೋದರು. ಮೊದಲ ಐದು ನಿಮಿಷ ಪ್ರಾರ್ಥನೆ. ಆಮೇಲೆ ಕಾಗದದ ಕಟ್ಟಿನ ಮೇಲೆ ತಲೆಯಿಟ್ಟು ಗಾಢ ನಿದ್ದೆ. ಟೈಪು ಮಾಡುವ ಆಪರೇಟರಮ್ಮ ಕೈಗೆ ಸಿಕ್ಕ ಪುಸ್ತಕ ತೆಗೆದು ಟೈಪು ಮಾಡಿದರು. ಪುಟ ನೋಡಬೇಕಾದವರು ಗೊರಕೆ ಹೊಡೆಯುತ್ತಿದ್ದರು. ಮಾಲೀಕರು ಅವಸರದಲ್ಲಿ, "ಅವರೇ ನೋಡಿರ್ತಾರೆ, ಅಚ್ಚಿಗೆ ಏರಿಸಿ" ಎಂದರು.

ಭಾನುವಾರ ಆರಾಧನೆಗೆ ಮುಂಚೆ ಎಲ್ಲರ ಕೈಗೂ ಪತ್ರಿಕೆ ಬಂತು. ಕೊನೆಯ ಪುಟದಲ್ಲಿ ಹೀಗಿತ್ತು:

"ಪಾಸ್ಟರಿಗಾಗಿ: ಪ್ರಸಂಗಕ್ಕೆ ಆರಂಭ ಕೊಟ್ಟ ಕರ್ತನು ಮುಕ್ತಾಯವನ್ನೂ ಕೊಡಲಿ.

ಗಾಯನ ತಂಡದ ಮುಂದಾಳಿಗಾಗಿ: ಶ್ರುತಿ ಸಿಗಲಿ. ಸಿಗದಿದ್ದರೆ ಮೌನ ಸಿಗಲಿ.

ಕಾರ್ಯದರ್ಶಿಗಾಗಿ: ಅಹಂಕಾರ ಇಳಿಯಲಿ, ಕಾಗುಣಿತ ಏರಲಿ.

ಭಾವಮೈದುನನಿಗಾಗಿ: ಸೋಮಾರಿತನದ ದೆವ್ವ ಅವನನ್ನು ಬಿಟ್ಟು ಹೋಗಲಿ. ನಮ್ಮ ಏಣಿ ವಾಪಸು ಬರಲಿ."

ಬರೆದವರ ಹೆಸರಿರಲಿಲ್ಲ. ಆದರೆ ಏಣಿ ಯಾರದೆಂದು ಇಡೀ ಸಭೆಗೆ ಗೊತ್ತಿತ್ತು. ಒಂದೊಂದೇ ತಲೆ ಹಿಂದಕ್ಕೆ ತಿರುಗಿತು. ಪ್ರೂಫಪ್ಪನವರಿಗೆ ಕೂತ ಬೆಂಚು ಬಾಯಿಬಿಟ್ಟು ತಮ್ಮನ್ನು ನುಂಗಬಾರದೇ ಅನ್ನಿಸಿತು. ಪಾಸ್ಟರು ಹನ್ನೊಂದೇ ನಿಮಿಷದಲ್ಲಿ ಪ್ರಸಂಗ ಮುಗಿಸಿ ಕೂತುಬಿಟ್ಟರು. ಗಾಯನ ತಂಡದ ಮುಂದಾಳು ಬಾಯಿ ತೆರೆಯಲಿಲ್ಲ. ಕಣ್ಣೊರೆಸಿಕೊಂಡದ್ದು ಮಾತ್ರ ಕಂಡಿತು. ಯಾರೂ ನಗಲಿಲ್ಲ, ಬೈಯಲೂ ಇಲ್ಲ. ಮನೆಗೆ ಬರುವಷ್ಟರಲ್ಲಿ ಏಣಿ ಗೇಟಿಗೆ ಒರಗಿ ನಿಂತಿತ್ತು.

ಹೆಂಡತಿ ಊಟದ ಮೇಜಿನ ಮುಂದೆ ಕೂತು, ಕನ್ನಡಕ ಹಾಕಿಕೊಂಡು, ಆ ಪುಟವನ್ನು ಬೆರಳಿಟ್ಟು ಓದಿದರು. ಓದಿ ಮುಗಿಸಿ ಮತ್ತೆ ಮೊದಲಿನಿಂದ, ಇನ್ನೊಮ್ಮೆ ಮೊದಲಿನಿಂದ ಓದಿದರು.

"ಮೂರು ಸಲ ನೋಡಿದೆ. ನನ್ನದು ಅಚ್ಚಿನಲ್ಲಿ ಬಿಟ್ಟುಹೋಗಿದೆಯಾ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಬಿಟ್ಟುಹೋದ ಸಾಲಿನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದರಲ್ಲಿ ಅವರಿಗೆ ಇಪ್ಪತ್ತಾರು ವರ್ಷದ ಅನುಭವವಿತ್ತು. ಆದರೂ ಆ ಬೆರಳು ನೋಡಿ ಸುಳ್ಳು ಹೊರಡಲಿಲ್ಲ.

"ಇಲ್ಲ. ನಾನು ಬರೆದೇ ಇರಲಿಲ್ಲ."

"ಯಾಕೆ?"

"ನಿನ್ನಲ್ಲಿ ತಿದ್ದೋಕೆ ಏನೂ ಕಾಣಲಿಲ್ಲ."

"ತಪ್ಪು ಮಾಡಿದವರಿಗೆ ಮಾತ್ರವಾ ಪ್ರಾರ್ಥನೆ?" ಅವರು ಕನ್ನಡಕ ತೆಗೆದಿಟ್ಟರು. "ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿದೆ. ನಾಳೆ ಹತ್ತು ಗಂಟೆಗೆ ಆಸ್ಪತ್ರೆಗೆ ಬರೋಕೆ ಹೇಳಿದ್ದಾರೆ, ಪರೀಕ್ಷೆಗೆ. ನಿಮಗೆ ಹೇಳೋಣ ಅಂತ ಮೂರು ದಿನ ಬಂದೆ. ನೀವು ಬೆರಳೆತ್ತಿದಿರಿ."

ಪ್ರೂಫಪ್ಪನವರು ಆ ಕೈಯನ್ನು ಮೇಜಿನ ಕೆಳಗೆ ಇಳಿಸಿದರು. ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಮರುದಿನ ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಕೂತರು. ಒಳಗೆ ಕರೆಯುವ ಮುನ್ನ ಹೆಂಡತಿ ಕಿವಿಯೋಲೆ ಬಿಚ್ಚಿ ಗಂಡನ ಅಂಗೈಗೆ ಹಾಕಿದರು.

"ಈಗ ಪ್ರಾರ್ಥನೆ ಮಾಡಿ. ಈಗ ಬೇಕು."

ಪ್ರೂಫಪ್ಪನವರು ಕಣ್ಣು ಮುಚ್ಚಿದರು. ದಿನಕ್ಕೆ ಮೂರು ಹೊತ್ತು ಧಾರಾಳವಾಗಿ ಹರಿಯುತ್ತಿದ್ದ ಮಾತು ಒಂದೂ ಬರಲಿಲ್ಲ.

"ಬರ್ತಾ ಇಲ್ಲ ಕಣೆ. ಏನಂತ ಕೇಳಲಿ?"

"ನನ್ನ ಹೆಸರು ಹೇಳಿ, ಸಾಕು. ಮಿಕ್ಕಿದ್ದು ಕರ್ತನಿಗೆ ಗೊತ್ತು."

ಅವರು ಒಳಗೆ ಹೋದರು, ಬಾಗಿಲು ಮುಚ್ಚಿತು. ಮದುವೆಯಾದಾಗಿನಿಂದ 'ಇವಳೇ', 'ಲೇ' ಎಂದೇ ಕರೆದ ನಾಲಿಗೆ ಆ ಹೆಸರಿನ ಮೂರು ಅಕ್ಷರಕ್ಕೆ ಹೊರಳಲು ಸ್ವಲ್ಪ ಹೊತ್ತು ಹಿಡಿಯಿತು. ಒಮ್ಮೆ ಬಂದಮೇಲೆ ನಿಲ್ಲಲಿಲ್ಲ. ಓಲೆಗಳನ್ನು ಮುಷ್ಟಿಯಲ್ಲಿ ಹಿಡಿದು ಅದನ್ನೇ ಹೇಳುತ್ತ ಕೂತರು. ದನಿ ಏರಿದ್ದೂ ಅವರಿಗೆ ತಿಳಿಯಲಿಲ್ಲ.

ನರ್ಸಮ್ಮ ಹತ್ತಿರ ಬಂದು, "ಅವರು ಒಳಗಿದ್ದಾರೆ. ಇಲ್ಲಿಂದ ಕೂಗಿದರೆ ಅವರಿಗೆ ಕೇಳಿಸಲ್ಲ" ಎಂದರು.

"ಅವಳನ್ನು ಕೂಗ್ತಾ ಇಲ್ಲಮ್ಮ" ಎಂದರು ಪ್ರೂಫಪ್ಪನವರು.