ರಾಮಿರೋ ಸಾಹೇಬರ ಜೋಕಿಗೊಂದು ಪದ

ಆ ಶುಕ್ರವಾರ ಭೋಜರಾಜ ಶೆಟ್ಟರಿಗೆ ಬೆಳಿಗ್ಗೆಯಿಂದಲೇ ಒಂದೇ ಚಿಂತೆ. ಕೊಲ್ಲಿ ದೇಶದ ಅಲ್ ಅಜೈಬಾ ಬಡಾವಣೆಯಲ್ಲಿದ್ದ ಅವರ ಫ್ಲ್ಯಾಟಿಗೆ ಮಧ್ಯಾಹ್ನದ ಊಟಕ್ಕೆ ಬರುವವರು ಆಫೀಸಿನ ಹೊಸ ಮ್ಯಾನೇಜರ್, ಸ್ಪೇನ್ ದೇಶದ ರಾಮಿರೋ ಸಾಹೇಬರು. ಊಟದ ಚಿಂತೆಯಿಲ್ಲ, ಅದಕ್ಕೆ ಹೆಂಡತಿ ಮೋಹಿನಿ ಇದ್ದಾಳೆ. ಚಿಂತೆಯೆಲ್ಲ ಸಾಹೇಬರ ಜೋಕಿನದು. ಅವರು ಜೋಕನ್ನು ಇಂಗ್ಲಿಷಿನಲ್ಲಿ ಶುರು ಮಾಡಿ, ನಗಬೇಕಾದ ಜಾಗ ಬಂದ ಕೂಡಲೇ ಸ್ಪ್ಯಾನಿಷಿಗೆ ಹಾರಿಬಿಡುತ್ತಾರೆ. ನಗದೆ ಕಣ್ಣು ಪಿಳಿಪಿಳಿ ಬಿಟ್ಟ ಸಹೋದ್ಯೋಗಿ ಲತೇಶನನ್ನು ಹೋದ ತಿಂಗಳು ದೂರದ ದುಕ್ಮ್ ಸೈಟಿಗೆ ಅಟ್ಟಿದರು. ಅಲ್ಲಿ ಮರಳು, ಬಂದರು, ಕ್ಯಾಂಪಿನ ಊಟ. ಹೆಂಡತಿ ಮಕ್ಕಳು ಫೋನಿನಲ್ಲಿ ಮಾತ್ರ. (ಅಟ್ಟಿದ್ದಕ್ಕೆ ಕಾರಣ ಬೇರೆಯೇ ಇದ್ದೀತು. ಹೆದರಿದವರಿಗೆ ಅದೆಲ್ಲ ಹೊಳೆಯುತ್ತದೆಯೇ?) ಇನ್ನೂ ಒಬ್ಬರು ಹೋಗಬೇಕಂತೆ. ಸಾಹೇಬರು ಹೆಸರು ಹೇಳಿಲ್ಲ.

ಹಾಗಾಗಿ ಶೆಟ್ಟರು ಸ್ಪ್ಯಾನಿಷ್ ವ್ಯಾಸಂಗ ಕೈಗೊಂಡರು. ಅಂದರೆ, ಮೊಬೈಲ್ ಹಿಡಿದು ಬಾತ್‌ರೂಮಿನಲ್ಲಿ ಕುಳಿತರು.

“‘ದಿವೆರ್ತಿದೊ’ ಅಂದ್ರೆ ಮಜವಾಗಿ ಉಂಟು ಅಂತ. ‘ಗ್ರಾಸಿಯೋಸೊ’ ಅಂದ್ರೆ ಭಾರೀ ನಗು ಬರುವಂಥದ್ದು. ‘ರಿದಿಕುಲೊ’ ಅಂದರೂ ನಗುವೇ, ಆದ್ರೆ ಅವರನ್ನೇ ಗೇಲಿ ಮಾಡಿದ ಹಾಗೆ. ಯಾವುದು ಹೇಳುವುದು ಮಾರಾಯ್ತಿ?” ಎಂದು ಒಳಗಿಂದಲೇ ಮೋಹಿನಿಯನ್ನು ಕೇಳಿದರು.

“ಬಾಯಿಬಿಟ್ಟು ನಕ್ಕರೆ ಸಾಲದಾ ಮಾರಾಯ್ರೆ? ಮದುವೆಯಾದಾಗಿಂದ ನನ್ನ ಒಂದು ಮಾತಿಗೆ ನಕ್ಕವರಲ್ಲ, ಈಗ ಸ್ಪೇನಿನವರಿಗೆ ನಗು ಆರಿಸ್ತಾ ಇದ್ದಾರೆ!”

“ನಿನ್ನ ಮಾತಿಗೆ ನಕ್ಕರೆ ಮತ್ತೆ ಊಟ ಸಿಗ್ತದಾ? ಇಲ್ಲಿ ಪದ ತಪ್ಪಿದರೆ ದುಕ್ಮ್, ಖಲಾಸ್! ಅದಿರಲಿ, ಕೋಳಿ ಗಸಿಗೆ ಖಾರ ಕಮ್ಮಿ ಹಾಕು.”

“ಹಾಕಿದ್ದೇನೆ. ನಮ್ಮ ಪ್ರಣೀತಾ ಕೂಡ ತಿನ್ನಬಹುದು.”

(ಪ್ರಣೀತಾ ಅವರ ಮಗಳು. ಗಂಜಿಗೆ ಹಸಿಮೆಣಸು ಕಚ್ಚಿಕೊಂಡೇ ಬೆಳೆದವಳು.)

ಸಾಹೇಬರು ಬಂದರು, ಕುಳಿತರು, ನೀರುದೋಸೆಯನ್ನು ಗಸಿಯಲ್ಲಿ ಅದ್ದಿ ಬಾಯಿಗಿಟ್ಟರು. ಎರಡನೇ ತುತ್ತಿಗೆ ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಎರಡೂ ಕೈ ಬೀಸುತ್ತಾ ಸ್ಪ್ಯಾನಿಷಿನಲ್ಲಿ ಪಟಪಟನೆ ಏನೋ ಹೇಳತೊಡಗಿದರು.

ಶೆಟ್ಟರು ನೆಟ್ಟಗೆ ಕುಳಿತರು. ಬಂತಪ್ಪಾ ಜೋಕು! ಹೇಳುವವರಿಗೇ ಕಣ್ಣೀರು ಬಂದಿದೆ ಎಂದಮೇಲೆ ಇದು ಸಾಮಾನ್ಯದ್ದಲ್ಲ, ಬರೀ ‘ದಿವೆರ್ತಿದೊ’ ಎಂದರೆ ಅವಮಾನವಾದೀತು.

“ಗ್ರಾಸಿಯೋಸೊ! ಗ್ರಾಸಿಯೋಸೊ!” ಎಂದು ಮೇಜು ಗುದ್ದಿ ನಕ್ಕರು. ಸಾಹೇಬರು ಗಂಟಲು ಹಿಡಿದುಕೊಂಡರು. ಶೆಟ್ಟರು ಇನ್ನೂ ಜೋರಾಗಿ ನಕ್ಕು, ಊರಿನ ಮರ್ಯಾದೆಗೆ ತಕ್ಕಂತೆ ಮತ್ತೊಂದು ಸೌಟು ಗಸಿ ಬಡಿಸಿದರು.

“ನಿಮ್ಮ ತಲೆ! ಅವರಿಗೆ ಖಾರ ಹತ್ತಿದೆ, ನೀರು ಕೇಳ್ತಾ ಇದ್ದಾರೆ!” ಮೋಹಿನಿ ಮಜ್ಜಿಗೆ ಚೆಂಬು ಹಿಡಿದು ಓಡಿಬಂದಳು.

ಶೆಟ್ಟರ ನಗು ಅಲ್ಲೇ ಉಡುಗಿಹೋಯಿತು. ನಗುವಿಗೆ ಇಷ್ಟೊಂದು ಪದ ಉರು ಹೊಡೆದವರು ನೀರಿಗೆ ಒಂದನ್ನೂ ಕಲಿತಿರಲಿಲ್ಲ.

ಸಾಹೇಬರು ಚೆಂಬು ಖಾಲಿ ಮಾಡಿ, ಕಣ್ಣೊರೆಸಿಕೊಂಡು, ಶೆಟ್ಟರನ್ನೇ ದಿಟ್ಟಿಸಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಅಬ್ಬಾ! ಶೆಟ್ಟರಿಗೆ ಹೋದ ಜೀವ ಬಂದಂತಾಯಿತು.

“ಮಿಸ್ಟರ್ ಭೋಜ್,” ಎಂದು ಸಾಹೇಬರು ಬೆನ್ನು ತಟ್ಟಿ ಇಂಗ್ಲಿಷಿನಲ್ಲಿ ಹೇಳಿದರು, “ಎದುರಿಗಿರುವವನ ಪ್ರಾಣ ಹೋಗುತ್ತಿದ್ದರೂ ಇಷ್ಟು ಖುಷಿಯಾಗಿರುವ ಮನುಷ್ಯನನ್ನು ನಾನು ಕಂಡೇ ಇಲ್ಲ. ಅಲ್ಲಿ ಲತೇಶ್ ದಿನಾ ಅಳುತ್ತಿದ್ದಾನೆ. ದುಕ್ಮ್‌ಗೆ ನಿಮ್ಮಂಥವರೇ ಬೇಕು. ಭಾನುವಾರ ಹೊರಡಿ.”

“ಈಗ ನಗಿ ಮಾರಾಯ್ರೆ,” ಎಂದಳು ಮೋಹಿನಿ, ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಾ. ಶೆಟ್ಟರು ಮತ್ತೆ ಮೊಬೈಲ್ ತೆಗೆದು, ಅಳುವಿಗೆ ಸ್ಪ್ಯಾನಿಷಿನಲ್ಲಿ ಏನೆನ್ನುತ್ತಾರೆ ಎಂದು ಹುಡುಕತೊಡಗಿದರು.