ಲಗ್ನಪತ್ರಿಕೆಯ ಇಂಗ್ಲಿಷ್

ಚಾಮರಾಜಪೇಟೆಯ ವಯಸ್ಕರ ಆಂಗ್ಲಭಾಷಾ ಪ್ರಚಾರ ಸಂಘವು ೧೯೯೬ನೇ ಇಸವಿಯಲ್ಲಿ, ಯಾವ ಪಾಠವೂ ಹತ್ತು ಸಾಲು ಮೀರತಕ್ಕದ್ದಲ್ಲ ಎಂದು ಸರ್ವಾನುಮತದಿಂದ ನಿರ್ಣಯಿಸಿತು. ಹನ್ನೊಂದನೇ ಸಾಲಿಗೆ ವಿದ್ಯಾರ್ಥಿಗಳು ತೂಕಡಿಸುತ್ತಿದ್ದುದು ಒಂದು ಕಾರಣ. ಅಷ್ಟರಲ್ಲಿ ಮೇಷ್ಟ್ರ ಇಂಗ್ಲಿಷೂ ಖಾಲಿಯಾಗುತ್ತಿದ್ದುದು ಇನ್ನೊಂದು. ಆ ಮೇಷ್ಟ್ರು ನಾನೇ.

ಪುಸ್ತಕ ಕೊಳ್ಳಲು ನಿಯಮದಲ್ಲಿ ಅವಕಾಶವಿರಲಿಲ್ಲ. ಅಧ್ಯಕ್ಷರಾದ ನಂಜುಂಡಯ್ಯನವರು ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿ ಇಟ್ಟಿದ್ದವರು. ಅಚ್ಚು ಕೆಟ್ಟ ಪತ್ರಿಕೆಗಳನ್ನೇ ಮೂಟೆ ಕಟ್ಟಿ ಕಳಿಸಿದರು. ಒಂದು ಮಗ್ಗುಲಿಗೆ ಇಂಗ್ಲಿಷ್, ಇನ್ನೊಂದಕ್ಕೆ ಕನ್ನಡ. ಅರ್ಥವಾಗದಿದ್ದರೆ ನಾನು ತಿರುಗಿಸಿ ನೋಡಿಕೊಳ್ಳಬಹುದಿತ್ತು. ದೇವರು ದೊಡ್ಡವನು.

ಮಾವಳ್ಳಿಯ ಪಿಳ್ಳಮ್ಮ ತರಗತಿಗೆ ಸೇರಿದ್ದು ಮೊಮ್ಮಗಳು ಯಶಶ್ರೀಗೆ ಎಲ್‌ಕೆಜಿ ಸೀಟು ಸಿಗಲೆಂದು. ಮಗ, ಸೊಸೆ ಇಬ್ಬರೂ ಇಂಟರ್‌ವ್ಯೂನಲ್ಲಿ ಬಾಯಿ ಬಿಡಲಾರದೆ ಫೇಲಾಗಿದ್ದರು. ಆದರೆ ಶಾಲೆಯ ನಿಯಮದ ಪ್ರಕಾರ ಅಜ್ಜಿಯೂ ಪೋಷಕರೇ. "ಮೇಷ್ಟ್ರೇ, ಮಗೂ ಮುಂದೆ ನಾವ್ ತಲೆ ತಗ್ಗಿಸ್ಬಾರ್ದು. ಅಷ್ಟು ಕಲ್ಸ್ಕೊಡಿ" ಎಂದರು. ನನಗೆ ಬರುತ್ತಿದ್ದ ಇಂಗ್ಲಿಷನ್ನೆಲ್ಲ ಕಲಿಸಿದೆ. ಅದಕ್ಕೇನು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಇಂಟರ್‌ವ್ಯೂ ದಿನ ನಾನೂ ಜೊತೆಗೆ ಹೋಗಿ ಮೂಲೆಯಲ್ಲಿ ನಿಂತೆ. ಬಂದ ವಿಷಯವೇನೆಂದು ಹೆಡ್‌ಮಿಸ್ ಚೂಡಾಮಣಿಯವರು ಇಂಗ್ಲಿಷಿನಲ್ಲಿ ಕೇಳಿದರು. ಪಿಳ್ಳಮ್ಮ ಕೈಮುಗಿದು, ಗುರುಹಿರಿಯರ ಅನುಗ್ರಹದಿಂದ ಯಶಶ್ರೀಯ ಶುಭ ಪ್ರವೇಶಕ್ಕೆ ತಾವು ಬಂಧುಮಿತ್ರರೊಡನೆ ಆಗಮಿಸಬೇಕೆಂದು ಇಂಗ್ಲಿಷಿನಲ್ಲೇ ಕೋರಿದರು. ಆಡಳಿತ ಮಂಡಳಿಯವರು ನೆಟ್ಟಗೆ ಕೂತರು. ಒಬ್ಬರು ಕಾಫಿ ತರಿಸಿದರು.

ಕೊನೆಗೆ ಕಟ್ಟಡ ನಿಧಿಯ ಮಾತು ಬಂತು. ಡೊನೇಷನ್ ಎಷ್ಟು ಕೊಡುತ್ತೀರೆಂದು ಕೇಳಿದರು. ಪಿಳ್ಳಮ್ಮ ನನ್ನ ಕಡೆ ನೋಡಿದರು. ನಾನು ಸೂರು ನೋಡಿದೆ.

"ಪ್ರೆಸೆಂಟ್ಸ್ ಇನ್ ಬ್ಲೆಸಿಂಗ್ಸ್ ಓನ್ಲಿ" ಎಂದರು ಪಿಳ್ಳಮ್ಮ.

ಪತ್ರಿಕೆಯ ಕಡೇ ಸಾಲು ಅದು. ಕನ್ನಡದ ಮಗ್ಗುಲಲ್ಲಿ 'ಆಶೀರ್ವಾದವೇ ಉಡುಗೊರೆ' ಎಂದಿರುತ್ತದೆ. ಮಂಡಳಿಯವರೆಲ್ಲ ತಂತಮ್ಮ ಮಕ್ಕಳ ಮದುವೆಗೆ ಅದನ್ನೇ ಅಚ್ಚು ಹಾಕಿಸಿ, ಮುಯ್ಯಿಯನ್ನೂ ತಗೊಂಡಿದ್ದವರು. ಅದಕ್ಕೆ ಅರ್ಥವಿಲ್ಲ ಎಂದು ಯಾವ ಬಾಯಲ್ಲಿ ಹೇಳುತ್ತಾರೆ ಪಾಪ? ಒಳಗೆ ಹೋಗಿ ಚರ್ಚಿಸಿ ಬಂದು ಸೀಟು ಕೊಟ್ಟರು. ಪಿಳ್ಳಮ್ಮ ಅತ್ತೇಬಿಟ್ಟರು, ಕನ್ನಡದಲ್ಲಿ. ಎದ್ದು ಮಂಡಳಿಯ ಪ್ರತಿಯೊಬ್ಬರ ತಲೆಯ ಮೇಲೂ ಕೈಯಿಟ್ಟು ಬಾಕಿ ಇಲ್ಲದಂತೆ ಡೊನೇಷನ್ ಪಾವತಿಸಿದರು.

ಇಂಥ ಇಂಗ್ಲಿಷನ್ನು ಶಾಲೆಯ ಟೀಚರುಗಳಿಗೂ ಕಲಿಸಬೇಕೆಂದು ಮಂಡಳಿ ಅವತ್ತೇ ನನ್ನನ್ನು ನೇಮಿಸಿಕೊಂಡಿತು. ಸಂಬಳದ ವಿಷಯ ವಿನಯದಿಂದ ಕೇಳಿದೆ. ಚೂಡಾಮಣಿಯವರು ಅದೇ ಕಡೇ ಸಾಲನ್ನು ನನಗೆ ಒಪ್ಪಿಸಿದರು. ಕಲಿಸಿದವನೇ ನಾನು, ಎದುರು ಮಾತಾಡುವಂತಿರಲಿಲ್ಲ.

ಈಗ ಪ್ರತಿ ತಿಂಗಳು ಒಂದನೇ ತಾರೀಕು ಮಿಕ್ಕ ಟೀಚರುಗಳ ಜೊತೆ ಸಾಲಲ್ಲಿ ನಿಂತು, ತಲೆ ಬಗ್ಗಿಸಿ ಸಂಬಳ ಪಡೆಯುತ್ತೇನೆ. ಹೋದ ವರ್ಷ ಇಂಕ್ರಿಮೆಂಟೂ ಆಯಿತು. ಈಗ ಎರಡೂ ಕೈ ಇಡುತ್ತಾರೆ.